ತಮ್ಮನ ಬಲಗಾಲಿನ ಫೋಟೋ

ಕಾರ್ತಿಕ ಮಾಸದ ಒಂದು ಭಾನುವಾರ. ಬೆಳಿಗ್ಗೆ ಏಳು ಗಂಟೆ. ಹಾಜರಿದ್ದವರು: ತಣಿಸಂದ್ರದ ಫ್ಲ್ಯಾಟಿನಲ್ಲಿ ನಾನು, ಬುಧವಾರ ಪೊರೆ ತೆಗೆಸಿಕೊಂಡ ನನ್ನ ಎಡಗಣ್ಣು, ಮತ್ತು ಮೊಬೈಲಿನೊಳಗೆ ನನ್ನ ತಮ್ಮನ ಬಲಗಾಲು.

ನಾನು ಇಡೀ ಆಯುಷ್ಯ ಆಸ್ಪತ್ರೆಯ ವಾರ್ಡಿನಲ್ಲಿ ಸಿಸ್ಟರ್ ಆಗಿದ್ದವಳು. ವಾರ, ಹೊತ್ತು, ಹಾಜರಿ ಬರೆಯದೆ ನನಗೆ ಮುಂದಿನ ವಾಕ್ಯ ಹುಟ್ಟುವುದಿಲ್ಲ. ದಯವಿಟ್ಟು ಹೊಂದಿಕೊಳ್ಳಿ.

ಈಗ ವಿಷಯಕ್ಕೆ ಬರುತ್ತೇನೆ. ನನ್ನ ತಮ್ಮನಿಗೆ ಒಂದು ಅಡಿಗಿಂತ ದೂರ ಇರುವುದು ಯಾವುದೂ ಕಾಣುವುದಿಲ್ಲ! ಇದು ಕಣ್ಣಿನ ದೋಷವಲ್ಲ, ಸ್ವಭಾವದ್ದು. ಸಿಂಗಾಪುರದಲ್ಲಿ (ವಿಮಾನ ಹತ್ತಿ ಹೋಗುವುದಲ್ಲ, ನಮ್ಮ ಯಲಹಂಕದ ಕಡೆಯದು) ಅವನ ಮನೆಯ ಎದುರಿಗೇ ಏಳು ಮಹಡಿಯ ಅಪಾರ್ಟ್‌ಮೆಂಟ್ ಎದ್ದಿತು. ಪಾಯ ತೋಡಿದರು, ಕಂಬ ನಿಲ್ಲಿಸಿದರು, ವರ್ಷಗಟ್ಟಲೆ ಧೂಳೆಬ್ಬಿಸಿದರು, ಕೊನೆಗೆ ಬಣ್ಣವನ್ನೂ ಹೊಡೆದರು. ಆಮೇಲೊಂದು ದಿನ ಅವನು ಹೆಂಡತಿಯನ್ನು ಕೇಳಿದನಂತೆ: "ಇದ್ಯಾವಾಗ ಬಂತೇ?" ಆದರೆ ಆ ಕಟ್ಟಡದ ಕಾಂಪೌಂಡ್ ಗೋಡೆಯ ಬಿರುಕಿನಲ್ಲಿ ಜೇಡವೊಂದು ಮೊಟ್ಟೆ ಇಟ್ಟದ್ದು ಅವನಿಗೆ ಅದೇ ದಿನ ತಿಳಿದಿತ್ತು!

ಇಂಥವನ ಬಲಗಾಲಿನ ಅಡಿಯಲ್ಲಿ, ಕಿರುಬೆರಳಿನ ಬುಡದಲ್ಲಿ, ಒಂದು ಗಾಯ. ಸಕ್ಕರೆ ಕಾಯಿಲೆಯವನ ಗಾಯ. ವಾಸಿಯಾದರೆ ಬೆರಳು ಉಳಿಯುತ್ತದೆ. ಆಗದಿದ್ದರೆ ಬೆರಳು ಹೋಗುತ್ತದೆ. ಅಲ್ಲಿಗೂ ನಿಲ್ಲದಿದ್ದರೆ ಪಾದ. ಪ್ರತಿದಿನ ಬೆಳಿಗ್ಗೆ ಏಳಕ್ಕೆ ಆ ಗಾಯದ ಫೋಟೋ ಹೆಬ್ಬಾಳದ ಡಾಕ್ಟರಿಗೂ ನನಗೂ ಬರಬೇಕು. ಫೋಟೋ ಕೇಳಿದ್ದು ಡಾಕ್ಟರು, ಹೊತ್ತು ನಾನು ಹಾಕಿದ ನಿಯಮ. ಆ ಭಾನುವಾರವೂ ಫೋಟೋ ಬಂತು. ಆದರೆ ಶುಕ್ರವಾರ, ಶನಿವಾರದ ಫೋಟೋಗಳ ಹಾಗೆ ಅದೂ ಮಸುಕಾಗಿತ್ತು.

ಫೋಟೋ ಮಸುಕಾದರೆ ಅದೇನು ದೊಡ್ಡ ವಿಷಯ ಎನ್ನುತ್ತೀರಾ? ಹಾಗಾದರೆ ನೀವು ನನ್ನ ತಮ್ಮನನ್ನು ಕಂಡಿಲ್ಲ.

ಆರ್.ಟಿ. ನಗರದ ಒಂದು ಬ್ಯಾಂಕಿನಲ್ಲಿ ಅವನ ಕೆಲಸ ಸಹಿಗಳನ್ನು ಹೋಲಿಸಿ ನೋಡುವುದಾಗಿತ್ತು. ಜೀವಮಾನವಿಡೀ ಜನರ ಸಹಿಯ ಕೊಂಕು ನೋಡಿದನೇ ಹೊರತು ಜನರ ಮುಖ ನೋಡಲಿಲ್ಲ. ನಿವೃತ್ತನಾದ ವಾರವೇ ಒಂದು ಕ್ಯಾಮೆರಾ ತಂದ. ಜೊತೆಗೆ ಬಂದ ಲೆನ್ಸಿನಲ್ಲಿ ಮನುಷ್ಯರು, ಮರ, ಗುಡಿಯ ಗೋಪುರ ಎಲ್ಲಾ ಚೆನ್ನಾಗಿ ಬರುತ್ತಿದ್ದವು. ಅದೇ ಅವನ ಆಕ್ಷೇಪ.

"ಇದ್ರಲ್ಲಿ ಏನೂ ಬರಲ್ಲ ಅಕ್ಕ. ಇರುವೆ ಹತ್ರ ಹೋದ್ರೆ ಪೂರ್ತಿ ಮಂಜು. ಹಿಂದೆ ಬಂದ್ರೆ ಇರುವೆ ಸಾಸಿವೆ ಕಾಳು."

"ಇರುವೆ ಸಾಸಿವೆ ಕಾಳಿನಷ್ಟೇ ಇರೋದು ಕಣೋ!"

"ಅದು ನಿಂಗೆ."

ಮೊದಲು ಕ್ಯಾಮೆರಾಕ್ಕೂ ಲೆನ್ಸಿಗೂ ನಡುವೆ ಬಳೆಯಂಥ ಉಂಗುರಗಳನ್ನು ಸಿಕ್ಕಿಸಿದ. ಇರುವೆ ದೊಡ್ಡದಾಗಿ ಕಂಡಿತು, ಆದರೆ ಅದಕ್ಕೆ ಮೂಗು ತಾಗುವಷ್ಟು ಹತ್ತಿರ ಹೋಗಬೇಕಾಗಿತ್ತು, ಮೂಗಿಗೆ ಕಚ್ಚಿಸಿಕೊಂಡ. ಕೊನೆಗೆ ಮ್ಯಾಕ್ರೋ ಲೆನ್ಸ್ ಬಂತು. ಅದೂ ಉದ್ದನೆಯದು. ಗಿಡ್ಡ ಲೆನ್ಸಾದರೆ ಹುಳದ ಮೈಮೇಲೇ ಹೋಗಿ ನಿಲ್ಲಬೇಕಂತೆ, ನೆರಳು ಬಿದ್ದ ಕೂಡಲೇ ಅದು ಹಾರಿಹೋಗುತ್ತದಂತೆ. ಉದ್ದನೆಯದಾದರೆ ಒಂದು ಗೇಣು ಹಿಂದೆ ನಿಂತು, ಹುಳದ ಮರ್ಯಾದೆ ಕಾಪಾಡಿಯೂ ಅದರ ಕಣ್ಣಿನ ಚುಕ್ಕೆ ಎಣಿಸಬಹುದಂತೆ! ಇಷ್ಟನ್ನೂ ಅವನು ನನಗೆ ಹೇಳಿದ್ದು ನಮ್ಮ ಸೋದರಮಾವನ ತಿಥಿಯ ಪಂಕ್ತಿಯಲ್ಲಿ. ಬಡಿಸುವವರು ಪಾಯಸ ಹಿಡಿದು ನಿಂತೇ ಇದ್ದರು.

ಅವನ ಫೋಟೋಗಳು ಎಂಥವು? ಒಂದು ಮದುವೆಗೆ ಹೋಗಿ ತಿಳಿದುಕೊಂಡೆವು. ಯಲಹಂಕದಲ್ಲಿ ನಮ್ಮ ದಾಯಾದಿಯ ಮಗಳ ಮದುವೆ. "ಹೇಗೂ ಒಳ್ಳೆ ಕ್ಯಾಮೆರಾ ಇದೆಯಲ್ಲ, ನೀನೂ ನಾಲ್ಕು ಫೋಟೋ ತೆಗಿಯಪ್ಪ" ಎಂದು ಹುಡುಗಿಯ ತಂದೆ ಬಾಯಿಮಾತಿಗೆ ಅಂದರು. ಇವನು ನೂರಾರು ತೆಗೆದ. ಒಂದು ಅಕ್ಷತೆ ಕಾಳು. ಲಾಡಿನ ಮೇಲೆ ಕೂತ ನೊಣ. ಬಾಸಿಂಗದ ದಾರದ ಎಳೆ. ಬೀಗರು ಒಂದೊಂದನ್ನೇ ನೋಡುತ್ತಾ ಹೋಗಿ ಕೊನೆಗೆ ಕೇಳಿದರು:

"ಇದ್ರಾಗೆ ನಮ್ ಹುಡ್ಗ ಎಲ್ಲವ್ನೆ ಸ್ವಾಮಿ?"

"ಇದೇ ಹುಡುಗ."

"ಇದು ಹುಲ್ಲುಗಾವಲಲ್ವಾ?"

"ಎಡಗಡೆ ಹುಬ್ಬು. ನೋಡಿ, ಬೆವರ ಹನಿ ಎಷ್ಟು ಶಾರ್ಪ್ ಬಂದಿದೆ!"

ಆ ಬೀಗರು ಇವತ್ತಿಗೂ ನಮ್ಮ ಮನೆಯ ಯಾವ ಶುಭಕ್ಕೂ ಬರುವುದಿಲ್ಲ.

ಶಾರ್ಪ್ ಎಂಬುದು ಅವನಿಗೆ ದೇವರಿದ್ದ ಹಾಗೆ. ಅಷ್ಟು ಹತ್ತಿರ ಹೋದಾಗ ಲೆನ್ಸಿಗೆ ಸ್ಪಷ್ಟವಾಗಿ ಕಾಣುವ ಜಾಗ ಒಂದು ಅಕ್ಕಿಕಾಳಿನ ದಪ್ಪದಷ್ಟೂ ಇರುವುದಿಲ್ಲವಂತೆ. ಹುಳದ ಕಣ್ಣು ಸ್ಪಷ್ಟವಾದರೆ ರೆಕ್ಕೆ ಮಸುಕು, ರೆಕ್ಕೆ ಸ್ಪಷ್ಟವಾದರೆ ಕಣ್ಣು ಮಸುಕು. ಅದಕ್ಕೇ ಅವನು ಲೆನ್ಸ್ ತಿರುಗಿಸುವುದಿಲ್ಲ. ಉಸಿರು ಹಿಡಿದು, ಕುಕ್ಕರಗಾಲಲ್ಲಿ ಕೂತು, ಮೈಯನ್ನೇ ಕೂದಲೆಳೆಯಷ್ಟು ಹಿಂದಕ್ಕೂ ಮುಂದಕ್ಕೂ ಆಡಿಸಿ, ಕಣ್ಣು ಸ್ಪಷ್ಟವಾದ ಕ್ಷಣಕ್ಕೆ ಗುಂಡಿ ಒತ್ತುತ್ತಾನೆ. ಒಂದು ಅಮಾವಾಸ್ಯೆಯ ದಿನ ಪಕ್ಕದ ಖಾಲಿ ಸೈಟಿನಲ್ಲಿ ಎಕ್ಕದ ಗಿಡದ ಮುಂದೆ ಅವನು ಹೀಗೆ ಓಲಾಡುತ್ತಿದ್ದಾಗ ಆಚೆ ಮನೆಯ ಅಜ್ಜಿ ಏದುಸಿರು ಬಿಡುತ್ತಾ ಬಂದಳು. ನಾನು ಆಗ ತಮ್ಮನ ಮನೆಯಲ್ಲಿದ್ದೆ.

"ಸಿಸ್ಟರಮ್ಮ, ನಿಮ್ ತಮ್ಮಂಗೆ ಮೈಮ್ಯಾಲೆ ಬಂದದೆ! ಎಕ್ಕದ ಗಿಡದ್ ಮುಂದೆ ಇಂಗಿಂಗೆ ಆಡ್ತಾವ್ನೆ!"

ನಾನು ಬೇಡವೆನ್ನುವುದರೊಳಗೆ ಅಜ್ಜಿ ಕುಂಕುಮ ಹಚ್ಚಿದ ನಿಂಬೆಹಣ್ಣು ತಂದು ಅವನಿಗೆ ನೀವಾಳಿಸತೊಡಗಿದಳು. ಅವನು ತಲೆಯನ್ನೂ ಎತ್ತದೆ ಅಂದ: "ಅಜ್ಜಿ, ಹಣ್ಣು ಅಲ್ಲಾಡಿಸ್ಬೇಡಿ. ಅದರ ಮೇಲೊಂದು ಕೆಂಪಿರುವೆ ಇದೆ."

ಇಲ್ಲಿಯವರೆಗೆ ನಗಬಹುದು. ನಾವೂ ನಕ್ಕಿದ್ದೇವೆ.

ಮಳೆಗಾಲ ಮುಗಿಯುವ ಹೊತ್ತಿಗೆ ಅವನು ಬೆಳಗಿನ ಜಾವವೇ ಕೆರೆಯ ಏರಿಗೆ ಹೋಗತೊಡಗಿದ. ಸೂರ್ಯ ಏರುವ ಮುಂಚೆ ಏರೋಪ್ಲೇನ್ ಚಿಟ್ಟೆಗಳ ಮೇಲೆ ಇಬ್ಬನಿ ಕೂತಿರುತ್ತದೆ, ಚಳಿಗೆ ಅವು ಹಾರುವುದಿಲ್ಲ. ಒಂದು ದಿನ ಹಿಗ್ಗುತ್ತಾ ಮನೆಗೆ ಬಂದ. ಅವನ ಹೆಂಡತಿ ಆಗ ತಾನೇ ನಡುಮನೆ ಒರೆಸಿದ್ದಳು.

"ರೀ, ನಿಲ್ರೀ ಅಲ್ಲೇ! ಏನ್ರೀ ಇದು, ನೆಲದ ತುಂಬ?"

ನೆಲದ ತುಂಬ ಕೆಂಪು ಹೆಜ್ಜೆ. ಒಂದೇ ಕಾಲಿನದು.

ಪುಣ್ಯಕ್ಕೆ ನಾನು ಅವತ್ತು ಅಲ್ಲಿದ್ದೆ. ಕೂರಿಸಿ ಕಾಲೆತ್ತಿ ನೋಡಿದೆ. ಜಾಲಿ ಮುಳ್ಳು ಹವಾಯಿ ಚಪ್ಪಲಿಯನ್ನು ದಾಟಿ ಅಂಗಾಲಿಗೆ ಪೂರ್ತಿ ಇಳಿದಿತ್ತು. ಚಿಮಟ ಹಾಕಿ ಎಳೆದೆ. ನಾನು ಎಳೆಯುತ್ತಿದ್ದಾಗ ಅವನು ಕ್ಯಾಮೆರಾದ ಹಿಂಬದಿಯ ಪರದೆ ನೋಡುತ್ತಾ ಹೇಳುತ್ತಿದ್ದ: "ಅಕ್ಕ, ಎರಡೂ ಕಣ್ಣು ಫೋಕಸ್ ಬಂದಿದೆ ನೋಡು! ಎರಡೂ!"

ಮುಳ್ಳು ಕಿತ್ತವರ ಮುಂದೆ ಮನುಷ್ಯ ಒಮ್ಮೆಯಾದರೂ "ಅಮ್ಮಾ" ಎನ್ನಬೇಕು. ಅನ್ನಲಿಲ್ಲ. ಅವನ ಕಾಲಿಗೆ ಸ್ಪರ್ಶವೇ ಇರಲಿಲ್ಲ. ಅಂಥ ಕಾಲುಗಳನ್ನು ನಾನು ವಾರ್ಡಿನಲ್ಲಿ ಬೇಕಾದಷ್ಟು ನೋಡಿದ್ದೇನೆ. ಹೊದಿಕೆಯ ಕೆಳಗೆ ಅವು ವರ್ಷದಿಂದ ವರ್ಷಕ್ಕೆ ಹೇಗೆ ಗಿಡ್ಡವಾಗುತ್ತಾ ಬರುತ್ತವೆ ಎಂದು ಬಲ್ಲೆ. ಅವತ್ತು ಏರೋಪ್ಲೇನ್ ಚಿಟ್ಟೆಯ ಕಣ್ಣನ್ನು ಹೊಗಳಿ, ಬಚ್ಚಲಿಗೆ ಹೋಗಿ ಕೈ ತೊಳೆದುಕೊಂಡೆ. ಬಹಳ ಹೊತ್ತು ತೊಳೆದುಕೊಂಡೆ.

ಗಾಯ ಮಾಯಲಿಲ್ಲ. ಡಾಕ್ಟರು ದಿನಾ ಫೋಟೋ ಕಳಿಸಿ ಎಂದರು. ತಮ್ಮನ ಹೆಂಡತಿ ಮೊದಲ ದಿನ ಫೋನಿನಲ್ಲಿ ತೆಗೆದು ಕಳಿಸಿದಳು. ಡಾಕ್ಟರ ಉತ್ತರ ಬಂತು: "ಇದೇನಮ್ಮ, ಇಡ್ಲಿನಾ?"

ತಮ್ಮನಿಗೆ ಗಾಯದಿಂದ ಆಗದ ನೋವು ಆ ಮಾತಿನಿಂದ ಆಯಿತು! ತನ್ನ ಮನೆಯಿಂದ ಮಸುಕು ಫೋಟೋ ಹೋಯಿತೇ? ಮರುದಿನದಿಂದ ಕೆಲಸವನ್ನು ತಾನೇ ವಹಿಸಿಕೊಂಡ. ಕಾಲನ್ನು ಮಣೆಯ ಮೇಲಿಟ್ಟು, ಕ್ಯಾಮೆರಾವನ್ನು ನೆಲದ ಮಟ್ಟಕ್ಕೆ ಸ್ಟ್ಯಾಂಡಿಗೆ ಸಿಕ್ಕಿಸಿ, ಬೆಳಕು ಮೆತ್ತಗೆ ಬೀಳಲೆಂದು ಫ್ಲ್ಯಾಶಿಗೆ ಹೆಂಡತಿಯ ಇಡ್ಲಿ ಬಟ್ಟೆ ಕಟ್ಟಿ ತೆಗೆದ. ಒಂದೊಂದು ಚರ್ಮದ ಗೆರೆಯೂ ಕಾಣುತ್ತಿತ್ತು. ಡಾಕ್ಟರು ಯಾವ ಲ್ಯಾಬಿನಲ್ಲಿ ತೆಗೆಸಿದಿರಿ ಎಂದು ಕೇಳಿದರು. ಇವನು ಆ ಮಾತನ್ನು ಬೀದಿಯವರಿಗೆಲ್ಲ ಹೇಳಿಕೊಂಡು ಬಂದ. ಗಾಯದ ಸುದ್ದಿಯೂ ಬೀದಿಗೆ ತಿಳಿದದ್ದು ಹಾಗೆಯೇ.

ಆದರೆ ನಾನು ಬಿಡುವವಳೇ? ಅದೇ ಹೊತ್ತು, ಅದೇ ದೂರ, ಅದೇ ಬೆಳಕು, ಪಕ್ಕದಲ್ಲಿ ಒಂದು ಅಳತೆಪಟ್ಟಿ ಇರಲೇಬೇಕು ಎಂದೆ. ದಿನದಿಂದ ದಿನಕ್ಕೆ ಹೋಲಿಸಬೇಡವೇ? ಕಲಾವಿದನಿಗೆ ಸಿಟ್ಟು ಬಂತು.

"ದಿನಾ ಒಂದೇ ಥರ ಎದುರು ಬೆಳಕಾ? ಒಂದ್ಸಲ ಪಕ್ಕದಿಂದ ಬೆಳಕು ಕೊಡ್ತೀನಿ ಅಕ್ಕ, ಗಾಯಕ್ಕೆ ಆಳ ಬರತ್ತೆ."

"ಆಳ ಬರಬಾರದು ಅಂತಲೇ ಕಣೋ ಇಷ್ಟೆಲ್ಲ ಪಾಡು ಪಡ್ತಿರೋದು!"

ನಡುವೆ ಒಂದಷ್ಟು ದಿನ ಗಾಯದ ಅಂಚಿನಲ್ಲಿ ಗುಲಾಬಿ ಬಣ್ಣ ಕಂಡಿತು. ಹೊಸ ಮಾಂಸ. ಅವನು ಅದನ್ನು ಟಿವಿಗೆ ಜೋಡಿಸಿ ದೊಡ್ಡದು ಮಾಡಿ ಕೂತ. "ಊಟದ ಹೊತ್ತಲ್ಲಿ ಟಿವಿಲಿ ಅಂಗಾಲು ನೋಡೋ ಮನೆ ಇಡೀ ಸಿಂಗಾಪುರಕ್ಕೆ ಇದೊಂದೇ ಅತ್ತಿಗೆ" ಎಂದು ಅವನ ಹೆಂಡತಿ ಫೋನಿನಲ್ಲಿ ನಕ್ಕಳು. ನಾನೂ ನಕ್ಕೆ. ಆ ಭರವಸೆಯಲ್ಲೇ ಬುಧವಾರ ನನ್ನ ಕಣ್ಣಿನ ಆಪರೇಷನ್ ಮಾಡಿಸಿಕೊಂಡೆ. ಬಗ್ಗಬೇಡಿ, ಭಾರ ಎತ್ತಬೇಡಿ, ಧೂಳಿಗೆ ಹೋಗಬೇಡಿ, ಅಳಬೇಡಿ ಎಂದರು ಕಣ್ಣಿನ ಡಾಕ್ಟರು. ಗುರುವಾರ ಫೋನ್ ಮುಟ್ಟಲಿಲ್ಲ. ಶುಕ್ರವಾರ ಏಳಕ್ಕೆ ಹೊಸ ಕಣ್ಣಿನಿಂದ ತಮ್ಮನ ಕಾಲು ನೋಡಿದೆ.

ಮಸುಕು. ಬೆಳ್ಳಗೆ ಏನೋ, ಕಪ್ಪಗೆ ಏನೋ.

ಹನಿ ಹಾಕಿದ ಮಂಜು ಇರಬೇಕು ಎಂದುಕೊಂಡೆ. ಶನಿವಾರವೂ ಮಸುಕು. ಬಲಗಣ್ಣಿನಲ್ಲಿ ಮೊದಲೇ ಪೊರೆ. ಎಡಗಣ್ಣೂ ಹೀಗಾದರೆ? ನನ್ನ ಕಣ್ಣು ಕೆಟ್ಟಿತೆಂದು ತಮ್ಮನಿಗೆ ತಿಳಿದರೆ ಅವನ ಸಕ್ಕರೆ ಎಲ್ಲಿಗೆ ಹೋಗಿ ನಿಲ್ಲುತ್ತದೋ! ಆದ್ದರಿಂದ ಎರಡು ದಿನವೂ ಅವನಿಗೆ ಉತ್ತರ ಬರೆದೆ: "ಚೆನ್ನಾಗಿದೆ. ಹೀಗೇ ಮುಂದುವರಿಸು."

ಭಾನುವಾರದ ಮಸುಕಿನೊಂದಿಗೆ ಮಂಚದ ಮೇಲೆ ಕೂತಿದ್ದೆ. ಹೊರಗೆ ಮೋಡ. ಕಣ್ಣಿಗೆ ಹನಿ ಹಾಕಲು ಎದುರುಮನೆಯಾಕೆ ಬಂದಳು.

"ಯಾಕ್ ಸಿಸ್ಟರ್ ಹಿಂಗ್ ಕೂತಿದೀರಾ?"

ಫೋನ್ ಅವಳ ಕೈಗೆ ಕೊಟ್ಟೆ. "ಇದೇನು ಕಾಣ್ತಿದೆ ಹೇಳಮ್ಮ."

ಹಿಂದೆ ಹಿಡಿದಳು, ಮುಂದೆ ಹಿಡಿದಳು. "ಮೋಡದ್ ಫೋಟೋನಾ ಸಿಸ್ಟರ್?"

ಹನಿಯ ಬಾಟಲಿಯನ್ನು ಅವಳ ಕೈಯಿಂದ ಕಿತ್ತುಕೊಂಡು, ಓದುವ ಕನ್ನಡಕ ಹಾಕಿ ನೋಡಿದೆ. ಬಾಟಲಿಯ ಮೇಲಿನ ಸಾಸಿವೆಯಂಥ ಅಕ್ಷರಗಳು ಒಂದೊಂದೂ ಕಡೆದಿಟ್ಟ ಹಾಗೆ ಕಂಡವು. ನನ್ನ ಕಣ್ಣು ಸರಿಯಿತ್ತು. ಮಸುಕಾಗಿದ್ದದ್ದು ಫೋಟೋ. ಮತ್ತು ನನ್ನ ತಮ್ಮ ಮಸುಕು ಫೋಟೋ ತೆಗೆಯುವುದಿಲ್ಲ. ತಿಥಿಯಲ್ಲಿ ತೆಗೆಯುವುದಿಲ್ಲ, ಮದುವೆಯಲ್ಲಿ ತೆಗೆಯುವುದಿಲ್ಲ, ಮೈಮೇಲೆ ಬಂದಿದೆ ಎಂದು ಜನ ನೀವಾಳಿಸುತ್ತಿದ್ದರೂ ತೆಗೆಯುವುದಿಲ್ಲ. ಹಾಗಾದರೆ ಅವನು ಅದನ್ನು ಬೇಕೆಂದೇ ತೆಗೆದಿದ್ದಾನೆ. ಯಾಕೆ ಎಂದು ವಾರ್ಡಿನಲ್ಲಿ ದುಡಿದವಳಿಗೆ ಯಾರೂ ಹೇಳಬೇಕಾಗಿಲ್ಲ.

ಹನಿ ಹಾಕಿಸಿಕೊಂಡೆ. ಕಪ್ಪು ಕನ್ನಡಕ ಹಾಕಿಕೊಂಡು ಆಟೋ ಹತ್ತಿದೆ. ಧೂಳಿನ ರಸ್ತೆಯುದ್ದಕ್ಕೂ ಸೆರಗನ್ನು ಮುಖಕ್ಕೆ ಮುಚ್ಚಿಕೊಂಡು ಕೂತೆ.

ಸಿಂಗಾಪುರದ ಮನೆಯಲ್ಲಿ ಬಾಗಿಲು ತೆರೆದಿತ್ತು. ನಡುಮನೆಯಲ್ಲಿ ಚೀಲ, ಫ್ಲಾಸ್ಕು, ಮಡಚಿದ ಬೆಡ್‌ಶೀಟು. ಆಸ್ಪತ್ರೆಗೆ ಹೊರಟವರ ಸಾಮಾನು. ತಮ್ಮ ಮಂಚದ ಮೇಲಿದ್ದ. ಅವನ ಹೆಂಡತಿ ನನ್ನನ್ನು ಕಂಡವಳೇ ಚೀಲ ಕೆಳಗಿಟ್ಟು ಅಳತೊಡಗಿದಳು.

"ನಾನು ಹೇಳಲ್ಲ ಅಂತ ಆಣೆ ಹಾಕಿಸ್ಕೊಂಡಿದ್ರು ಅತ್ತಿಗೆ. ಗುರುವಾರ ಬೆರಳು ಕಪ್ಪಗಾಯ್ತು. ಡಾಕ್ಟರ್ ಶುಕ್ರವಾರನೇ ನೋಡಿದ್ರು. ಇವತ್ತು ಸಂಜೆ ಅಡ್ಮಿಟ್ ಆಗಿ, ನಾಳೆ ತೆಗೀತೀವಿ ಅಂದಿದಾರೆ. ಡಾಕ್ಟರ್‌ಗೆ ಸರಿಯಾದ್ ಫೋಟೋ ಕಳಿಸ್ತಿದ್ರು, ನಿಮಗೆ ಮಾತ್ರ ಮಸುಕು."

"ಯಾಕೋ?" ಎಂದೆ ಅವನಿಗೆ.

"ನೋಡಿದ್ರೆ ಓಡಿ ಬರ್ತಿದ್ದೆ. ಬಗ್ತಿದ್ದೆ. ಅಳ್ತಿದ್ದೆ."

"ನಾನಾ? ಅಳೋದಾ?"

"ಫೋಟೋ ಬರ್ಲೇ ಇಲ್ಲ ಅಂದ್ರೂ ಬರ್ತಿದ್ದೆ. ಅದಕ್ಕೇ ಲೆನ್ಸಿನ ರಿಂಗು ತಿರುಗಿಸಿ ಫೋಕಸ್ ಕೆಡಿಸ್ದೆ ಅಕ್ಕ. ನಾನಾಗಿ ಕೆಡಿಸಿದ್ದು, ಇದೇ ಮೊದಲು. ಮೂರು ದಿನದಿಂದ ಊಟ ಸೇರ್ತಿಲ್ಲ."

"ಬೆರಳಿನ ಚಿಂತೆಗಾ?"

"ಬೆರಳಿಗಲ್ಲ ಅಕ್ಕ, ಆ ಫೋಟೋಗೆ!"

ಬೈಯಲು ಬಾಯಿ ತೆರೆದೆ. ಅಷ್ಟರಲ್ಲಿ ಅವನು ದಿಂಬಿನ ಪಕ್ಕದಿಂದ ಕ್ಯಾಮೆರಾ ತೆಗೆದು, ಅದರ ಹಿಂಬದಿಯ ಪರದೆಯನ್ನು ನನ್ನ ಮುಖಕ್ಕೆ ಹಿಡಿದ. ಒಂದು ಜೇಡ, ಎದುರಿನಿಂದ ತೆಗೆದದ್ದು.

"ಎಷ್ಟು ಕಣ್ಣಿದೆ ಹೇಳು."

"ಇದೇನೋ ಈಗ?"

"ಹೇಳು ಅಕ್ಕ. ಊಹೆ ಮಾಡ್ಬೇಡ, ನೋಡಿ ಹೇಳು."

ಕನ್ನಡಕ ಬದಲಿಸಿ ನೋಡಿದೆ. "ನಾಲ್ಕು. ನಡುವಿನ ಎರಡು ದೊಡ್ಡವು. ಪಕ್ಕದವು ಚಿಕ್ಕವು. ಎಡಗಡೆ ಕಾಲಿಗೆ ಒಂದು ಎಳೆ ನೂಲು ಸಿಕ್ಕಿಕೊಂಡಿದೆ."

ಅವನು ಕ್ಯಾಮೆರಾ ಕೆಳಗಿಟ್ಟು ಎರಡೂ ಕೈಯಿಂದ ಮುಖ ಮುಚ್ಚಿಕೊಂಡ. ಅವನ ಹೆಂಡತಿ ಮೂಗೊರೆಸಿಕೊಂಡು ನನಗೆ ಹೇಳಿದಳು:

"ಆ ಹಾಳು ಫೋಟೋ ನೋಡಿ ನೀವು 'ಚೆನ್ನಾಗಿದೆ' ಅಂತ ಬರೆದ್ರಲ್ಲ ಅತ್ತಿಗೆ. ಅಕ್ಕಂಗೆ ಮಸುಕು ಅನ್ನೋದೂ ಗೊತ್ತಾಗ್ತಿಲ್ಲ, ಕಣ್ಣು ಹೋಯ್ತು ಅಂತ ಎರಡು ದಿನದಿಂದ ಕೂತು ಅಳ್ತಿದಾರೆ. ಬೆರಳಿಗೆ ಒಂದು ಹನಿ ಕಣ್ಣೀರು ಹಾಕ್ಲಿಲ್ಲ, ಎಲ್ಲಾ ನಿಮ್ಮ ಕಣ್ಣಿಗೇ."

ಅಳಬಾರದೆಂದು ಡಾಕ್ಟರು ಹೇಳಿದ್ದರು. ನಾನು ಡಾಕ್ಟರ ಮಾತನ್ನು ಮೀರಿದವಳಲ್ಲ. ತಲೆಯೆತ್ತಿ ಸೂರಿನ ಫ್ಯಾನ್ ನೋಡುತ್ತಾ ನಿಂತೆ. ಆಮೇಲೆ ಚೀಲ ಬಿಚ್ಚಿಸಿದೆ. ಎರಡು ಜೊತೆ ಪಂಚೆ, ಔಷಧದ ಚೀಟಿ, ಬಾಚಣಿಗೆ ಮರೆತಿದ್ದರು. ಎಲ್ಲವನ್ನೂ ನಾನೇ ಮತ್ತೆ ಜೋಡಿಸಿದೆ.

ಸಂಜೆ ಹೆಬ್ಬಾಳದ ಆಸ್ಪತ್ರೆ. ಅಡ್ಮಿಟ್ ಆಯಿತು. ಅವನ ಹೆಂಡತಿ ಕಾಫಿಗೆ ಕೆಳಗೆ ಹೋದಳು. ಕಿಟಕಿಯಿಂದ ಫ್ಲೈಓವರಿನ ದೀಪಗಳ ಸಾಲು ಕಾಣುತ್ತಿತ್ತು. ಅವನು ಆ ಕಡೆ ನೋಡಲೂ ಇಲ್ಲ. ಹೊದಿಕೆಯ ಮೇಲೆ ಎದ್ದಿದ್ದ ನೂಲಿನ ಗಂಟೊಂದನ್ನು ನೋಡುತ್ತಿದ್ದ. ಚಿಕ್ಕ ವಯಸ್ಸಿನ ಸಿಸ್ಟರ್ ಡ್ರೆಸಿಂಗ್ ತಟ್ಟೆ ತಂದಳು.

"ಬೆರಳ ಸಂದಿ ಒರೆಸೋದು ನನಗೆ ಬಿಡಮ್ಮ" ಎಂದೆ.

"ನೀವು ಬಗ್ಗಂಗಿಲ್ಲ ಅಲ್ವಾ ಅಮ್ಮ? ಕಣ್ಣು ಹೊಸಾದು ಅಂತಿದ್ರು ಇವರು."

"ಅಕ್ಕ ಬಗ್ಗಲ್ಲ ಸಿಸ್ಟರ್" ಎಂದು ತಮ್ಮ ಕಾಲನ್ನು ತಾನೇ ಎತ್ತಿ ನನ್ನ ಎದೆಮಟ್ಟಕ್ಕೆ ದಿಂಬುಗಳ ಮೇಲೆ ಇಟ್ಟ. ನಾನು ಸ್ಟೂಲಿನ ಮೇಲೆ ನೆಟ್ಟಗೆ ಕೂತು ತಟ್ಟೆಯಿಂದ ಹತ್ತಿಯ ತೆಳು ಬಟ್ಟೆ ತೆಗೆದುಕೊಂಡೆ. ಕಿರುಬೆರಳು ಇದ್ದಿಲಿನ ತುಂಡಿನ ಹಾಗೆ ಕಪ್ಪಗಿತ್ತು. ಬಾಕಿ ನಾಲ್ಕು ಬೆರಳು ನಮ್ಮ ಅಪ್ಪನವೇ.

ಸ್ವಲ್ಪ ಹೊತ್ತಾದ ಮೇಲೆ ಅವನು ಕೇಳಿದ: "ಶುರು ಮಾಡಿದ್ಯಾ ಅಕ್ಕ?"

"ಮೂರು ಸಂದಿ ಆಯ್ತು ಕಣೋ."

"ಹೌದಾ" ಎಂದ, ಕಣ್ಣು ಮುಚ್ಚಿದ.

ನಾಲ್ಕನೆಯ ಸಂದಿ ನಾಳೆ ಇರುವುದಿಲ್ಲ. ಅದನ್ನೂ ಉಳಿದ ಮೂರರಷ್ಟೇ ಒಣಗುವಂತೆ ಒರೆಸಿ ಮುಗಿಸಿದೆ.